ಕುಟುಂಬ ಕೊಡಬಲ್ಲ ಮೊತ್ತ

ನವೆಂಬರ್ ೩, ಸೋಮವಾರ

ಹಲ್ಲಿನ ಸಾಮಾನು ಮಾರುವವನು ಎರಡು ವರ್ಷದ ಹಿಂದೆ ಪುಕ್ಕಟೆ ಕೊಟ್ಟ ಡೈರಿ ಇದು. ಮುಖಪುಟದಲ್ಲಿ ನಗುವ ಬಾಯಿಯ ಚಿತ್ರವಿದೆ. ಹಲ್ಲುಗಳ ಜೋಡಣೆ ತಪ್ಪು; ಅಷ್ಟು ನೇರವಾಗಿ ಯಾವ ಮನುಷ್ಯನ ಹಲ್ಲೂ ಇರುವುದಿಲ್ಲ. ಆ ಚಿತ್ರ ಕಂಡರೆ ಸಿಟ್ಟು ಬರುತ್ತಿತ್ತು, ಅದಕ್ಕೇ ಇದನ್ನು ಇಷ್ಟು ದಿನ ಮುಟ್ಟಿರಲಿಲ್ಲ. ಇವತ್ತು ಅದಕ್ಕಿಂತ ದೊಡ್ಡ ಸಿಟ್ಟು ಬಂದಿದೆ. ಅಚ್ಚಾದ ತಾರೀಖನ್ನು ಹೊಡೆದುಹಾಕಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ಚಹಾ ಕುಡಿಯುವಾಗ ಮಗಳು ವಿಷಯ ಎತ್ತಿದಳು. ಹಲ್ಲಿನ ಡಾಕ್ಟರ ಓದು ಅವಳಿಗೆ ಬೇಡವಂತೆ. ದೂರದಲ್ಲಿ ಒಂದು ಕಾಲೇಜಿದೆಯಂತೆ, ಲಿಬರಲ್ ಆರ್ಟ್ಸ್ ಕಾಲೇಜು. ಅಲ್ಲಿಗೆ ಅರ್ಜಿ ಹಾಕುತ್ತಾಳಂತೆ.

"ಆರ್ಟ್ಸ್ ಅಂದ್ರೆ ಚಿತ್ರ ಬರೆಯೋದಾ?" ಎಂದೆ.

"ಅಲ್ಲಪ್ಪಾ. ಮೊದಲ ಎರಡು ವರ್ಷ ಎಲ್ಲಾ ಓದಬಹುದು. ಇತಿಹಾಸ, ನಕ್ಷತ್ರ, ಗಣಿತ, ಕವಿತೆ. ಆಮೇಲೆ ಯಾವುದು ಬೇಕೋ ಆರಿಸ್ಕೊಳ್ಳೋದು."

"ಕೊನೇಲಿ ಏನಾಗಿ ಬರ್ತೀಯ?"

"ಅದನ್ನ ಅಲ್ಲಿಗೆ ಹೋಗಿ ನೋಡೋದು."

ಹದಿನಾರು ವರ್ಷದಿಂದ ಈ ಮುಂದಿನ ಕೋಣೆಯಲ್ಲಿ ಕೂತು ಕಂಡವರಿಗೆಲ್ಲ ಹಲ್ಲು ಕಟ್ಟಿಕೊಟ್ಟಿದ್ದೇನೆ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಪೆಟ್ಟಿಗೆಯಲ್ಲಿ ಕಳಿಸುತ್ತಾರೆ. ನಾನು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುತ್ತೇನೆ. ಮೇಲೆ ಹದಿನಾಲ್ಕು, ಕೆಳಗೆ ಹದಿನಾಲ್ಕು, ಒಂದು ಸೆಟ್ಟು. ಮಗಳು ಡಾಕ್ಟರಾದರೆ ಅಚ್ಚು ಕಳಿಸುವವಳು ಅವಳೇ ಆಗುತ್ತಿದ್ದಳು. ಇದನ್ನು ಬಾಯಿಬಿಟ್ಟು ಅವಳಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ಗೊತ್ತಾಗಬೇಡವೇ?

ಹೆಂಡತಿ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಅವಳಿಗೆ ಮೊದಲೇ ಗೊತ್ತಿತ್ತು ಎಂದು ನನ್ನ ಗುಮಾನಿ.

ನವೆಂಬರ್ ೯, ಭಾನುವಾರ

ನನ್ನ ಗುಮಾನಿ ಸರಿ. ತಾಯಿಗೂ ಮಗಳಿಗೂ ಎರಡು ತಿಂಗಳಿಂದ ಗುಸುಗುಸು ನಡೆದಿದೆ. ಶಾಲೆಯಲ್ಲಿ ಮುಂದಿನ ಓದಿನ ಬಗ್ಗೆ ಸಲಹೆ ಕೊಡುವ ಮೇಡಂ ಒಬ್ಬರಿದ್ದಾರೆ, ಎಲ್ಲದಕ್ಕೂ ಅವರೇ ಮೂಲ.

ಆ ಕಾಲೇಜಿನ ಒಂದು ವರ್ಷದ ಖರ್ಚು ಕೇಳಿ ನನಗೆ ನಗು ಬಂತು. ನಾನು ಮೂರು ವರ್ಷ ಊಟ ಬಿಟ್ಟು ದುಡಿದರೂ ಆಗದ ಮೊತ್ತ. "ಇದಕ್ಕೆ ಯಾರ ಮನೆಗೆ ಕನ್ನ ಹಾಕಲಿ?" ಎಂದು ಕೇಳಿದೆ.

"ಸಹಾಯ ಕೊಡ್ತಾರೆ ಅಪ್ಪಾ. ನಮ್ಮ ಹತ್ರ ಎಷ್ಟಿದೆ, ಎಷ್ಟು ಬರುತ್ತೆ ಅಂತ ಬರೆದು ಕೊಡಬೇಕು. ಮಿಕ್ಕಿದ್ದು ಅವರು ಹಾಕ್ತಾರೆ."

ಅಂದರೆ ಕೈ ಚಾಚುವುದು. ನಾನು ಈವರೆಗೆ ಯಾರ ಮುಂದೆಯೂ ಕೈ ಚಾಚಿದವನಲ್ಲ. ಅಪ್ಪ ಸತ್ತಾಗ ಚಿಕ್ಕಪ್ಪ ಕೊಡಲು ಬಂದದ್ದನ್ನೂ ಬೇಡವೆಂದೆ. ಇದನ್ನು ಹೇಳಿದಾಗ ಹೆಂಡತಿ, "ಅದನ್ನ ಆವತ್ತಿಂದ ಎಷ್ಟು ಸಲ ಹೇಳಿದೀರಿ ಅಂತ ಲೆಕ್ಕ ಇಟ್ಟಿದ್ರೆ, ಆ ದುಡ್ಡಿಗಿಂತ ಜಾಸ್ತಿ ಆಗ್ತಿತ್ತು" ಎಂದಳು. ಅವಳ ನಾಲಿಗೆ ಉಜ್ಜುವ ಕಾಗದಕ್ಕಿಂತ ಒರಟು.

ಅರ್ಜಿ ಹಾಕಿಕೊಳ್ಳಲಿ ಎಂದೆ. ಹೇಗೂ ಸಿಗುವುದಿಲ್ಲ. ಸಿಗದಿದ್ದಾಗ ತಾನೇ ದಾರಿಗೆ ಬರುತ್ತಾಳೆ.

ನವೆಂಬರ್ ೨೨, ಶನಿವಾರ

ಅರ್ಜಿಯ ಜೊತೆ ಒಂದು ಪ್ರಬಂಧ ಬರೆಯಬೇಕಂತೆ. ಅವಳು ಶಾಲೆಯಿಂದ ಎರವಲು ತಂದ ಲ್ಯಾಪ್‌ಟಾಪನ್ನು ನನ್ನ ಕೆಲಸದ ಮೇಜಿನ ಮೇಲೆ ತೆರೆದಿಟ್ಟು ಸ್ನಾನಕ್ಕೆ ಹೋಗಿದ್ದಳು. ಓದಿದೆ. ಓದಬಾರದಿತ್ತೇನೋ, ಆದರೆ ಮೇಜು ನನ್ನದು.

ನನ್ನ ಬಗ್ಗೆ ಬರೆದಿದ್ದಾಳೆ. "ನನ್ನ ತಂದೆ ಪ್ರತಿ ಸೆಟ್ಟಿನಲ್ಲೂ ಒಂದು ಹಲ್ಲನ್ನು ಬೇಕೆಂದೇ ಕೂದಲೆಳೆಯಷ್ಟು ವಾಲಿಸುತ್ತಾರೆ. ಪೂರ್ತಿ ನೇರವಾದದ್ದನ್ನು ಯಾರೂ ನಂಬುವುದಿಲ್ಲ ಎನ್ನುತ್ತಾರೆ." ಇದು ನಿಜ. ಮುಂದೆ, ನಮ್ಮ ಮನೆಯಲ್ಲಿ ಸದಾ ಮೇಣ ಸುಟ್ಟ ವಾಸನೆ ಇರುತ್ತದೆ, ಸ್ನೇಹಿತೆಯರು ಬಂದರೆ ನಾಚಿಕೆಯಾಗುತ್ತಿತ್ತು ಎಂದೂ ಬರೆದಿದ್ದಾಳೆ. ಆಗುತ್ತಿತ್ತು ಎಂದು ಬರೆದಿದ್ದಾಳೆ, ಆಗುತ್ತದೆ ಎಂದಲ್ಲ. ಆದರೂ ಊರವರಿಗೆಲ್ಲ ಹೇಳುವ ಮಾತೇ?

ಇಡೀ ದಿನ ಕಿಟಕಿ ತೆರೆದಿಟ್ಟುಕೊಂಡು ಕೆಲಸ ಮಾಡಿದೆ. ಚಳಿಗೆ ಮೇಣ ಬಿರುಕು ಬಿಟ್ಟು ಎರಡು ಸೆಟ್ಟು ಹಾಳಾಯಿತು.

ಡಿಸೆಂಬರ್ ೧೪, ಭಾನುವಾರ

ದೊಡ್ಡ ಡಾಕ್ಟರ ಕ್ಲಿನಿಕ್ಕಿಗೆ ಯಂತ್ರ ಬಂದಿದೆ. ನನ್ನ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಕೊಡುವವರು ಇವರೇ. ಪೆನ್ನಿನಂಥದ್ದನ್ನು ರೋಗಿಯ ಬಾಯೊಳಗೆ ಆಡಿಸಿದರೆ ಪರದೆಯ ಮೇಲೆ ದವಡೆ ಮೂಡುತ್ತದೆ. ಆ ಚಿತ್ರ ಬೇರೆಲ್ಲೋ ಇರುವ ಕಾರ್ಖಾನೆಗೆ ಹೋಗುತ್ತದೆ, ಅಲ್ಲಿ ಇನ್ನೊಂದು ಯಂತ್ರ ಹಲ್ಲು ಕೆತ್ತುತ್ತದೆ. ನನ್ನನ್ನು ಕರೆದು ಮಕ್ಕಳಿಗೆ ಆಟಿಕೆ ತೋರಿಸುವ ಹಾಗೆ ತೋರಿಸಿದರು.

"ನಿಮಗೇನೂ ಯೋಚನೆ ಬೇಡ" ಎಂದರು. "ಕಷ್ಟದ ಕೇಸೆಲ್ಲ ನಿಮಗೇ."

ನಾನೂ ಯೋಚನೆ ಮಾಡಲಿಲ್ಲ. ಹಲ್ಲೇ ಇಲ್ಲದ ಮೆತ್ತನೆ ದವಡೆಯನ್ನು ಯಂತ್ರ ಏನು ಬಲ್ಲದು? ಮನೆಯಲ್ಲಿ ಹೇಳಲಿಲ್ಲ. ಹೇಳುವಂಥದ್ದೇನೂ ಇರಲಿಲ್ಲ.

ಡಿಸೆಂಬರ್ ೩೦, ಮಂಗಳವಾರ

ಸಹಾಯದ ಅರ್ಜಿ ತುಂಬಿದ್ದಾಯಿತು. ಮೂರು ದಿನ ಹಿಡಿಯಿತು. ಹೆಂಡತಿ ಸಾರ್ವಜನಿಕ ಈಜುಕೊಳದ ಟಿಕೆಟ್ ಕೌಂಟರಿನಲ್ಲಿ ಕೂರುತ್ತಾಳೆ. ಅವಳ ಸಂಬಳದ ಚೀಟಿ ತಿಂಗಳು ತಿಂಗಳು ನೀಟಾಗಿ ಬರುತ್ತದೆ. ನನ್ನದು ಡಾಕ್ಟರುಗಳು ಪೆಟ್ಟಿಗೆಯೊಳಗೆ ತುರುಕಿ ಕಳಿಸುವ ಚೂರುಪಾರು ಕಾಗದ. ಒಂದರ ಮೇಲೆ ಚಹಾದ ಕಲೆ, ಇನ್ನೊಂದರ ಮೇಲೆ ಪ್ಲಾಸ್ಟರು. ಮಗಳು ಅದನ್ನೆಲ್ಲ ನೆಲದ ಮೇಲೆ ಹರಡಿ, ಒಂದೊಂದನ್ನೂ ಒರೆಸಿ ಫೋಟೋ ತೆಗೆದಳು. ಹೋದ ವರ್ಷ ಒಳ್ಳೆಯ ವರ್ಷ, ಇನ್ನೂರು ಸೆಟ್ಟು ದಾಟಿತ್ತು.

ಕೊನೆಯ ಪುಟ ತಂದೆತಾಯಿಯೇ ತುಂಬಬೇಕಾದದ್ದು. "ಇದನ್ನ ನಾನು ನೋಡಬಾರದಂತೆ, ಮೇಡಂ ಹೇಳಿದ್ರು. ನೀನೇ ಹಾಕಪ್ಪಾ" ಎಂದು ಲ್ಯಾಪ್‌ಟಾಪು ನನ್ನ ಕಡೆ ತಿರುಗಿಸಿ ಎದ್ದುಹೋದಳು. ಹೋಗುವ ಮೊದಲು, "ಅಮ್ಮನೂ ನಾನೂ ಮಾತಾಡಿದೀವಿ, ವರ್ಷಕ್ಕೆ ಒಂದು ಐದು ಸೆಟ್ಟಿನ ದುಡ್ಡಷ್ಟು ಬರೆದ್ರೆ ಸಾಕು" ಎಂದಳು. ನಮ್ಮ ಮನೆಯಲ್ಲಿ ಎಲ್ಲ ದುಡ್ಡೂ ಸೆಟ್ಟಿನ ಲೆಕ್ಕದಲ್ಲೇ.

ಪ್ರಶ್ನೆ ಹೀಗಿತ್ತು: ನಿಮ್ಮ ಮಗಳ ಓದಿಗೆ ಪ್ರತಿ ವರ್ಷ ಕುಟುಂಬ ಕೊಡಬಲ್ಲ ಮೊತ್ತ ಎಷ್ಟು?

ಈ ಪ್ರಶ್ನೆ ನನಗೆ ಹೊಸದಲ್ಲ. ಡಾಕ್ಟರು ಫೋನಿನಲ್ಲಿ, "ಈ ತಿಂಗಳು ಎಷ್ಟು ಕೊಡಬಲ್ಲಿರಿ?" ಎಂದು ಕೇಳುತ್ತಾರೆ. ಎಂಟು ಆಗುವುದಿದ್ದರೂ ಹನ್ನೆರಡು ಎನ್ನಬೇಕು. ಎಂಟು ಎಂದವನಿಗೆ ಮುಂದಿನ ತಿಂಗಳು ನಾಲ್ಕೂ ಬರುವುದಿಲ್ಲ. ಹನ್ನೆರಡು ಎಂದು ಒಪ್ಪಿಕೊಂಡು, ಆಮೇಲೆ ಹೇಗೋ ಬೆಳಗಿನ ಜಾವ ಎದ್ದು ಮುಗಿಸಿಕೊಡಬೇಕು. ನಾನು ಹೀಗೇ ನಿಂತವನು. ಐದು ಸೆಟ್ಟು ಎಂದು ಬರೆದರೆ ಅವರು ಏನೆಂದುಕೊಳ್ಳುತ್ತಾರೆ? ಈ ಅಪ್ಪನಿಗೆ ಮಗಳ ಮೇಲೆ ಅಷ್ಟೇ ಎಂದುಕೊಳ್ಳುವುದಿಲ್ಲವೇ? ಸಾವಿರಾರು ಅರ್ಜಿ ನೋಡುವವರು, ಮೊದಲು ಪಕ್ಕಕ್ಕೆಸೆಯುವುದು ಅಂಥವನದನ್ನೇ.

ಅರವತ್ತು ಸೆಟ್ಟಿನ ಮೊತ್ತ ಹಾಕಿದೆ. ಹಾಕಿ, ಕಳಿಸುವ ಗುಂಡಿ ಒತ್ತಿದೆ. ಎದೆ ಒಂದು ಚೂರು ಉಬ್ಬಿತು ಎಂದು ಇಲ್ಲಿ ಒಪ್ಪಿಕೊಳ್ಳಲು ಅಡ್ಡಿಯಿಲ್ಲ.

"ಹಾಕಿದ್ಯಾ?" ಎಂದಳು ಮಗಳು ಬಂದು.

"ಹಾಕಿದೆ."

ಜನವರಿ ೨೯, ಗುರುವಾರ

ದೊಡ್ಡ ಡಾಕ್ಟರಿಂದ ಈ ತಿಂಗಳು ಬಂದದ್ದು ಐದು ಪೆಟ್ಟಿಗೆ. ಹೋದ ಜನವರಿಯಲ್ಲಿ ಹನ್ನೊಂದು. ಚಳಿಗಾಲದಲ್ಲಿ ಜನ ಬಾಯಿ ತೆಗೆಯಲು ಹಿಂದೆಮುಂದೆ ನೋಡುತ್ತಾರೆ, ಅಷ್ಟೇ.

ಫೆಬ್ರವರಿ ೧೦, ಮಂಗಳವಾರ

ಹೊಸ ಸೆಟ್ಟು ಕಚ್ಚುತ್ತದೆ ಎಂದು ಒಬ್ಬ ಮುದುಕರು ನೇರವಾಗಿ ಮನೆಗೇ ಬಂದರು. ಇಡೀ ಜೀವಮಾನ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದವರಂತೆ. ನಾನು ಸೆಟ್ಟಿನ ಅಂಚು ಉಜ್ಜುತ್ತಿದ್ದಾಗ ಬೊಚ್ಚು ಬಾಯಲ್ಲೇ ಮಗಳ ವಿಚಾರ ಕೇಳಿದರು. ಹೇಳಿದೆ.

"ಅದನ್ನ ಓದಿ ಏನ್ ಮಾಡ್ತಾಳೆ?" ಎಂದರು.

ನನಗೆ ಎಲ್ಲಿಲ್ಲದ ಕೋಪ ಬಂತು. "ಏನ್ ಮಾಡ್ತಾಳೆ ಅಂದ್ರೆ? ಹದಿನೇಳು ವರ್ಷಕ್ಕೆ ಒಂದೇ ಕೆಲಸಕ್ಕೆ ಕಟ್ಟಿಹಾಕಿದ್ರೆ ಆಮೇಲೆ ಅದೇ ಹೋದ್ರೆ ಏನು ಗತಿ? ಅಲ್ಲಿ ಎಲ್ಲಾ ಸ್ವಲ್ಪ ಸ್ವಲ್ಪ ನೋಡಿ, ತನಗೆ ಯಾವುದು ಅಂತ ತಾನೇ ತಿಳ್ಕೊಳ್ತಾಳೆ. ಯೋಚನೆ ಮಾಡೋದು ಕಲಿಸ್ತಾರೆ ಸ್ವಾಮಿ, ಯೋಚನೆ ಮಾಡೋದು!"

ಮುದುಕರು ಹೆದರಿಕೊಂಡು ಹಲ್ಲು ಹಾಕಿಕೊಂಡು ಹೋದರು. ಒಳಗಿನಿಂದ ಹೆಂಡತಿ ಕೆಮ್ಮಿದಳು. ಅವಳಿಗೆ ಕೆಮ್ಮೇನೂ ಇರಲಿಲ್ಲ.

ಮಾರ್ಚ್ ೩, ಮಂಗಳವಾರ

ಪೆಟ್ಟಿಗೆ ಇಲ್ಲ. ಉಜ್ಜುವ ಯಂತ್ರಕ್ಕೆ ಎಣ್ಣೆ ಬಿಟ್ಟೆ. ನಿನ್ನೆಯೂ ಬಿಟ್ಟಿದ್ದೆ.

ಮಾರ್ಚ್ ೨೮, ಶನಿವಾರ

ಸಿಕ್ಕಿದೆ! ಮಗಳಿಗೆ ಸೀಟು ಸಿಕ್ಕಿದೆ!

ಅವಳು ಬಾಗಿಲಲ್ಲಿ ನಿಂತು ಫೋನು ಹಿಡಿದುಕೊಂಡು ಮಾತೇ ಆಡದೆ ಕುಣಿದಳು. ಹೆಂಡತಿ ಅವಳನ್ನು ಅಪ್ಪಿಕೊಂಡಳು, ನಾನು ಇಬ್ಬರನ್ನೂ ಅಪ್ಪಿಕೊಂಡೆ, ಕೈಗೆ ಅಂಟಿದ್ದ ಮೇಣವೆಲ್ಲ ಇಬ್ಬರ ಬಟ್ಟೆಗೂ ಆಯಿತು. ಯಾರೂ ಬೈಯಲಿಲ್ಲ. ಇಂಥ ದಿನ ನನ್ನ ಬಾಳಿನಲ್ಲಿ ಬಂದದ್ದು ನೆನಪಿಲ್ಲ.

ಆಮೇಲೆ ಸಹಾಯದ ಪತ್ರ ತೆರೆದಳು. ಜೋರಾಗಿ ಓದಿದಳು. ಪಾಠದ ಶುಲ್ಕ, ಕೋಣೆ, ಊಟ, ಪುಸ್ತಕ, ಎಲ್ಲ ಸೇರಿಸಿದ ದೊಡ್ಡ ಮೊತ್ತ. ಅದರಲ್ಲಿ ಕಾಲೇಜು ಕೊಡುವುದೇ ಬಹುಪಾಲು. ಕೊನೆಗೆ ಒಂದು ಸಾಲು: ಕುಟುಂಬವೇ ತಿಳಿಸಿರುವಂತೆ ಕುಟುಂಬದ ಪಾಲು. ಅದನ್ನು ಓದಿ ಹುಬ್ಬು ಗಂಟು ಹಾಕಿದಳು.

"ಇದೇನೋ ತಪ್ಪಾಗಿದೆ. ನಾವು ಐದು ತಾನೇ ಹಾಕಿದ್ದು? ಇದು ಅರವತ್ತು ಸೆಟ್ಟಿನಷ್ಟಿದೆ."

"ನೋಡೋಣ" ಎಂದೆ.

"ಅವರೇ ತಪ್ಪು ಮಾಡಿದಾರೆ. ಸೋಮವಾರ ಮೇಡಂನ ಕೇಳ್ತೀನಿ."

"ಬೇಡ, ನಾನೇ ವಿಚಾರಿಸ್ತೀನಿ" ಎಂದೆ. ಯಾರನ್ನು ವಿಚಾರಿಸಲಿ? ಒಪ್ಪಿಗೆ ಕೊಡಲು ಏಪ್ರಿಲ್ ಮೂವತ್ತು ಕಡೆಯ ದಿನ.

ಮಾರ್ಚ್ ೩೦, ಸೋಮವಾರ

ಅರವತ್ತು ಸೆಟ್ಟು ಅಂದರೆ ತಿಂಗಳಿಗೆ ಐದು. ಈ ತಿಂಗಳು ನಾನು ಕಟ್ಟಿದ್ದು ಎಲ್ಲ ಡಾಕ್ಟರುಗಳದೂ ಸೇರಿ ಆರು. ಐದನ್ನು ಕಾಲೇಜಿಗೆ ಕೊಟ್ಟು ಒಂದರಲ್ಲಿ ಸಂಸಾರ ನಡೆಸಬೇಕು. ಹೆಂಡತಿಯ ಸಂಬಳ ಬಾಡಿಗೆಗೇ ಹೋಗುತ್ತದೆ.

ಒಪ್ಪಿಕೊಂಡ ಕೆಲಸವನ್ನು ಇವತ್ತಿನವರೆಗೆ ಮುಗಿಸದೆ ಬಿಟ್ಟಿಲ್ಲ. ಇದನ್ನೂ ಮುಗಿಸುತ್ತೇನೆ.

ಏಪ್ರಿಲ್ ೪, ಶನಿವಾರ

ಐದು ದಿನದಲ್ಲಿ ಹದಿನಾಲ್ಕು ಕ್ಲಿನಿಕ್ಕು ಹತ್ತಿಳಿದೆ. ಮಾದರಿಗೆಂದು ನಾನು ಕಟ್ಟಿದ ಅತ್ಯುತ್ತಮ ಸೆಟ್ಟನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಹೋಗುತ್ತಿದ್ದೆ. ಎಲ್ಲರೂ ಕೈಯಲ್ಲಿ ಹಿಡಿದು ನೋಡಿ ಹೊಗಳಿದರು. ಒಬ್ಬ ಎಳೆ ಡಾಕ್ಟರಂತೂ, "ಇಂಥದ್ದನ್ನ ಪುಸ್ತಕದಲ್ಲಿ ನೋಡಿದ್ದೆ" ಎಂದಳು. ನಾನು ಇನ್ನೂ ಸತ್ತಿಲ್ಲ ತಾಯಿ ಎನ್ನಬೇಕೆನಿಸಿತು. ಫೋನ್ ನಂಬರ್ ಬರೆದುಕೊಂಡರು. ನಂಬರ್ ಬರೆದುಕೊಳ್ಳುವುದು ಎಂದರೇನು ಎಂದು ನನಗೆ ತಿಳಿಯದ್ದಲ್ಲ.

ಮಗಳು ಅಲ್ಲಿನ ಪಾಠಗಳ ಪಟ್ಟಿ ಇಟ್ಟುಕೊಂಡು ಕೂತಿರುತ್ತಾಳೆ. ಕಲ್ಲುಗಳ ವಯಸ್ಸು ಹೇಳುವ ಒಂದು ಪಾಠವಿದೆಯಂತೆ. ಅದನ್ನು ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ.

ಏಪ್ರಿಲ್ ೮, ಬುಧವಾರ

ಹೆಂಡತಿಗೆ ಹೇಳಿದೆ. ಈಜುಕೊಳ ಮುಚ್ಚುವ ಹೊತ್ತಿಗೆ ಹೋಗಿ ಕೌಂಟರಿನ ಎದುರು ನಿಂತೆ. ಗಾಜಿನ ಆ ಕಡೆ ಅವಳು, ಈ ಕಡೆ ನಾನು. ಮನೆಯಲ್ಲಿ ಹೇಳಲು ಧೈರ್ಯ ಸಾಲಲಿಲ್ಲ, ನಡುವೆ ಗಾಜಿದ್ದರೆ ಒಳ್ಳೆಯದೆನಿಸಿತು.

ಮೊದಲು ಅರವತ್ತು ಬರೆದದ್ದು ಹೇಳಿದೆ. ಆಮೇಲೆ ಯಂತ್ರದ್ದು. ಅವಳು ಉಳಿದ ಟಿಕೆಟ್ ಸುರುಳಿಗೆ ರಬ್ಬರ್ ಹಾಕುತ್ತಲೇ ಕೇಳಿಸಿಕೊಂಡಳು.

"ಕೆಲಸ ಹೋಗಿರೋದು ನನಗೆ ಗೊತ್ತು" ಎಂದಳು. "ದಿನಾ ಬೆಳಿಗ್ಗೆ ನೀವು ಖಾಲಿ ಮೇಣ ಕರಗಿಸ್ತೀರ. ವಾಸನೆ ಬರಲಿ ಅಂತ. ನನಗೆ ಗೊತ್ತಾಗಲ್ವಾ?"

ನಾನು ಅದನ್ನು ವಾಸನೆಗೆಂದು ಮಾಡುತ್ತಿದ್ದೆನೇ? ಮಾಡುತ್ತಿದ್ದೆನೇನೋ.

"ಆದರೆ ಅರವತ್ತು ಗೊತ್ತಿರಲಿಲ್ಲ" ಎಂದಳು. ಟಿಕೆಟ್ ಸುರುಳಿಯನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದಳು. "ಅವಳಿಗೆ ನೀವೇ ಹೇಳಬೇಕು. ನಾನು ಹೇಳಲ್ಲ."

ಏಪ್ರಿಲ್ ೯, ಗುರುವಾರ

ಹೇಳಿದೆ.

ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. "ನನ್ನ ಕೇಳಬಹುದಿತ್ತಲ್ಲಪ್ಪಾ" ಎಂದಳು. "ಗೋಡೆ ಆ ಕಡೆಯೇ ಇದ್ದೆ."

ಹೌದು. ಗೋಡೆ ಆ ಕಡೆಯೇ ಇದ್ದಳು.

"ಏನಂದ್ಕೊಂಡೆ ಅಪ್ಪಾ ನೀನು? ಜಾಸ್ತಿ ಬರೆದ್ರೆ ನನ್ನ ತಗೋತಾರೆ ಅಂತಲಾ?"

"ಕಡಿಮೆ ಬರೆದ್ರೆ ನಿನ್ನ ಬಿಟ್ಟುಬಿಡ್ತಾರೆ ಅಂತ."

ಅವಳು ಲ್ಯಾಪ್‌ಟಾಪು ಮುಚ್ಚಿ ಒಳಗೆ ಹೋದಳು. ಸಂಜೆ ತನಕ ಬಾಗಿಲು ತೆರೆಯಲಿಲ್ಲ. ನಾನು ಬಾಗಿಲ ಬಳಿ ಎರಡು ಸಲ ಹೋದೆ. ಎರಡು ಸಲವೂ ವಾಪಸು ಬಂದೆ. ನನ್ನ ಕೈಯಲ್ಲಿ ಏನೂ ಇಲ್ಲ, ಏನೇನೂ ಇಲ್ಲ. ಇಷ್ಟು ವರ್ಷ ಏನಾದರೊಂದು ಇರುತ್ತಿತ್ತು.

ಏಪ್ರಿಲ್ ೧೩, ಸೋಮವಾರ

ಮೇಡಂ ನಾನಂದುಕೊಂಡ ಹಾಗಿಲ್ಲ. ನನ್ನ ವಯಸ್ಸಿನವರೇ, ದೊಡ್ಡ ಕನ್ನಡಕ, ಮೇಜಿನ ತುಂಬ ಯಾರ್‍ಯಾರದೋ ಮಕ್ಕಳ ಕಡತಗಳು. ಮಗಳೇ ನನ್ನನ್ನು ಕರೆದುಕೊಂಡು ಹೋದಳು. ಕುರ್ಚಿ ಎಳೆದು, "ಕೂತ್ಕೋ ಅಪ್ಪಾ" ಎಂದಳು. ನಾನು ಕೂತೆ.

ಮರುಪರಿಶೀಲನೆಗೆ ಕೇಳಬಹುದಂತೆ. ಆದರೆ ಬರೀ ತಪ್ಪಾಯಿತು ಎಂದರೆ ಕೇಳುವುದಿಲ್ಲವಂತೆ. ಅರ್ಜಿ ಹಾಕಿದ ಮೇಲೆ ಮನೆಯ ಪರಿಸ್ಥಿತಿ ಬದಲಾಗಿದೆ ಎಂದು ತೋರಿಸಬೇಕು.

"ಬದಲಾಗಿದೆ" ಎಂದೆ.

"ನೀವು ಹೇಳಿದ್ರೆ ಸಾಲದು. ಕೆಲಸ ಕೊಡ್ತಿದ್ದವರೇ ಬರೆದುಕೊಡಬೇಕು. ಇಷ್ಟು ಕೊಡ್ತಿದ್ವಿ, ಈಗ ಕೊಡಲ್ಲ, ಮುಂದೂ ಕೊಡಲ್ಲ ಅಂತ. ಮುಂದೂ ಅನ್ನೋದು ಮುಖ್ಯ. ಇಲ್ಲಾಂದ್ರೆ ಒಂದೆರಡು ತಿಂಗಳ ತೊಂದರೆ ಅಂದ್ಕೊಳ್ತಾರೆ."

ಹೊರಗೆ ಬಂದ ಮೇಲೆ ಮಗಳು, "ನಾನು ಬರಲಾ ಡಾಕ್ಟರ ಹತ್ರ?" ಎಂದು ಕೇಳಿದಳು. ಬೇಡ ಎಂದೆ.

ಏಪ್ರಿಲ್ ೧೫, ಬುಧವಾರ

ಮಧ್ಯಾಹ್ನ ರೋಗಿಗಳೆಲ್ಲ ಹೋದ ಮೇಲೆ ದೊಡ್ಡ ಡಾಕ್ಟರನ್ನು ಕಂಡೆ. ಅವರು ನನ್ನನ್ನು ನೋಡಿ ನಿಜವಾಗಿಯೂ ಸಂತೋಷಪಟ್ಟರು, ಕೂರಿಸಿದರು. ಯಂತ್ರ ಮೂಲೆಯಲ್ಲಿ ಗುಂಯ್‌ಗುಡುತ್ತಿತ್ತು.

"ಒಂದು ಕಾಗದ ಬೇಕಿತ್ತು ಸಾರ್. ಮಗಳ ಕಾಲೇಜಿಗೆ."

"ಅಷ್ಟೇ ತಾನೇ?" ಎಂದು ತಮ್ಮ ಹೆಸರಿನ ಹಾಳೆ ಎಳೆದುಕೊಂಡು ನಾನು ಬಾಯಿ ತೆರೆಯುವ ಮೊದಲೇ ಬರೆಯಲು ಶುರು ಮಾಡಿದರು. ಓದಿಕೊಳ್ಳುತ್ತಾ ಬರೆದರು. "ಇವರನ್ನು ಹದಿನಾರು ವರ್ಷಗಳಿಂದ ಬಲ್ಲೆ. ಇವರಷ್ಟು ನಿಷ್ಠೆಯಿಂದ..."

"ಅದಲ್ಲ ಸಾರ್."

"ಮತ್ತೆ?"

"ನೀವು ನನಗೆ ಕೆಲಸ ಕೊಡೋದು ನಿಲ್ಲಿಸಿದೀರಿ ಅಂತ ಬರೀಬೇಕು."

ಪೆನ್ನು ನಿಂತಿತು. ಅವರ ಮುಖ ಕೆಂಪಾಯಿತು. "ಪೂರ್ತಿ ಎಲ್ಲಿ ನಿಲ್ಲಿಸಿದೀನಿ..."

"ಹೋದ ತಿಂಗಳು ಎರಡು ಬಂತು ಸಾರ್. ಈ ತಿಂಗಳು ಇಲ್ಲ."

ಎಲ್ಲ ವಿವರಿಸಿದೆ. ಅವರಿಗೆ ಕೇಳಲು ಆಗುತ್ತಿರಲಿಲ್ಲ, ನನಗೆ ಹೇಳಲು ಆಗುತ್ತಿರಲಿಲ್ಲ. ನಡುವೆ ಥಟ್ಟನೆ ಎದ್ದು ಒಳಗೆ ಹೋಗಿ ಮೂರು ಪೆಟ್ಟಿಗೆ ತಂದು ನನ್ನ ಮುಂದಿಟ್ಟರು. "ಇವನ್ನ ತಗೊಂಡು ಹೋಗಿ. ಕಾರ್ಖಾನೆಗೆ ಕಳಿಸಬೇಕಂತಿದ್ದೆ, ಬೇಡ. ಇನ್ಮೇಲೆ ತಿಂಗಳಿಗೆ ಎರಡೋ ಮೂರೋ ನಾನೇ ಎತ್ತಿಡ್ತೀನಿ. ಈ ಕಾಗದ ಗೀಗದ ಯಾಕೆ?"

ಒಂದು ಪೆಟ್ಟಿಗೆಯ ಮುಚ್ಚಳ ಸರಿದಿತ್ತು. ಕೆಳದವಡೆಯ ಅಚ್ಚು, ಹಲ್ಲಿಗೆ ಆಧಾರವಾಗುವ ಏಣು ಎನ್ನುವುದೇ ಉಳಿದಿಲ್ಲ, ಸವೆದು ಸಪಾಟಾಗಿದೆ. ಅಂಥದ್ದರ ಮೇಲೆ ಹಲ್ಲು ನಿಲ್ಲಿಸುವವರು ಈಗ ಎಷ್ಟು ಜನರಿದ್ದಾರೆ? ನನ್ನ ಕೈ ತಾನಾಗಿ ಮುಂದೆ ಹೋಯಿತು. ಬೆರಳಿನಿಂದ ಆ ಅಂಚನ್ನು ಮುಟ್ಟಿ ನೋಡಿದೆ.

"ಬೇಡ ಸಾರ್" ಎಂದೆ. "ಇದನ್ನ ತಗೊಂಡ್ರೆ ಕಾಗದ ಸುಳ್ಳಾಗುತ್ತೆ."

ಅವರು ಹೊಸ ಹಾಳೆ ತೆಗೆದುಕೊಂಡರು. ಹೇಗೆ ಬರೆಯಬೇಕೆಂದು ಅವರಿಗೆ ತಿಳಿಯಲಿಲ್ಲ. ನಾನೇ ಹೇಳುತ್ತಾ ಹೋದೆ, ಅವರು ಬರೆದರು. ಈ ಕೆಲಸ ಈಗ ಯಂತ್ರದಿಂದ ಆಗುತ್ತಿದೆ. ಆದ್ದರಿಂದ ನಮಗೆ ಇವರ ಅಗತ್ಯವಿಲ್ಲ. ಮುಂದೆಯೂ ಬರುವುದಿಲ್ಲ.

"ಮುಂದೆಯೂ ಅಂತ ಬೇಕೇ ಬೇಕಾ?"

"ಬೇಕು ಸಾರ್."

ಸಹಿ ಹಾಕಿ, ಮೊಹರು ಒತ್ತಿ, ಕೈಗೆ ಕೊಟ್ಟರು. ನಾನು ಮೆಟ್ಟಿಲು ಇಳಿಯುವ ತನಕ ಬಾಗಿಲಲ್ಲೇ ನಿಂತಿದ್ದರು. ಒಳ್ಳೆಯ ಮನುಷ್ಯ. ಬಸ್ಸಿನಲ್ಲಿ ಕಾಗದವನ್ನು ಮತ್ತೆ ಮತ್ತೆ ಓದಿದೆ. ನನ್ನ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿ ಇಳಿದು ನಡೆದು ಬಂದೆ.

ಏಪ್ರಿಲ್ ೧೬, ಗುರುವಾರ

ನಾನೂ ಒಂದು ಹೇಳಿಕೆ ಬರೆಯಬೇಕಿತ್ತು. ಬರೆದು ಬರೆದು ಹರಿದೆ. ಕೊನೆಗೆ ಇಷ್ಟು ಬರೆದೆ:

"ಕುಟುಂಬ ಕೊಡಬಲ್ಲ ಮೊತ್ತ ಎಂದು ಡಿಸೆಂಬರಿನಲ್ಲಿ ನಾನು ಬರೆದದ್ದು ನಿಜವಲ್ಲ. ನನ್ನ ಮಗಳಿಗೂ ಹೆಂಡತಿಗೂ ಅದು ತಿಳಿದಿರಲಿಲ್ಲ. ಕಡಿಮೆ ಬರೆಯಲು ನಾಚಿಕೆಯಾಯಿತು. ಈಗ ಕೆಲಸವೂ ಇಲ್ಲ. ನನ್ನ ತಪ್ಪಿಗೆ ಅವಳನ್ನು ಬಿಡಬೇಡಿ."

ಮಗಳು ಟೈಪು ಮಾಡಿದಳು. ಒಂದಕ್ಷರವನ್ನೂ ತಿದ್ದಲಿಲ್ಲ. ಆಮೇಲೆ ಡಾಕ್ಟರ ಕಾಗದವನ್ನು ಫೋಟೋ ತೆಗೆಯಲು ಬೆಳಕಿಗೆ ಹಿಡಿದು, ಓದತೊಡಗಿದಳು. ಜೋರಾಗಿಯೇ ಓದುತ್ತಿದ್ದಳು, "ಇವರ ಅಗತ್ಯ" ಎನ್ನುವಲ್ಲಿಗೆ ದನಿ ನಿಂತುಹೋಯಿತು.

"ಇದನ್ನ ಡಾಕ್ಟರೇ ಬರೆದ್ರಾ?"

"ನಾನು ಹೇಳಿದೆ, ಅವರು ಬರೆದ್ರು."

ಅವಳು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ಫೋಟೋ ತೆಗೆದಳು. ಮೂರು ಸಲ ತೆಗೆಯಬೇಕಾಯಿತು, ಅಕ್ಷರ ಮಸುಕಾಗಿ ಬರುತ್ತಿತ್ತು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, ಸಣ್ಣ ಮಕ್ಕಳಿಗೆ ಮಾಡುವ ಹಾಗೆ ಕೂದಲು ಕೆದರಿ, ಅಡುಗೆಮನೆಗೆ ಹೋದಳು.

ಏಪ್ರಿಲ್ ೨೧, ಮಂಗಳವಾರ

ಉತ್ತರವಿಲ್ಲ.

ಏಪ್ರಿಲ್ ೨೪, ಶುಕ್ರವಾರ

ಉತ್ತರವಿಲ್ಲ. ಹೆಂಡತಿ ಕೌಂಟರಿನಲ್ಲಿ ಚಿಲ್ಲರೆ ತಪ್ಪಾಗಿ ಕೊಟ್ಟು ಬೈಸಿಕೊಂಡಳಂತೆ. ಇಷ್ಟು ವರ್ಷದಲ್ಲಿ ಮೊದಲ ಸಲ.

ಏಪ್ರಿಲ್ ೨೮, ಮಂಗಳವಾರ

ಬಂತು.

ಮಗಳು ಈ ಸಲ ಜೋರಾಗಿ ಓದಲಿಲ್ಲ. ಮೊದಲು ತಾನು ಓದಿದಳು, ಆಮೇಲೆ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. ಹೊಸ ಪಟ್ಟಿ. ಕಾಲೇಜಿನ ಪಾಲು ಹೆಚ್ಚಿದೆ. ಮಗಳು ಅಲ್ಲಿನ ಗ್ರಂಥಾಲಯದಲ್ಲಿ ವಾರಕ್ಕೆ ಹತ್ತು ಗಂಟೆ ಕೆಲಸ ಮಾಡಬೇಕು, ಅದರ ಸಂಬಳ ಒಂದು ಸಾಲು. ರಜೆಯಲ್ಲಿ ದುಡಿಯಬೇಕಾದದ್ದು ಇನ್ನೊಂದು ಸಾಲು. ಎಲ್ಲ ಕೂಡಿದರೆ ಸರಿಹೋಗುತ್ತದೆ. ನಮ್ಮ ಪಾಲಿನ ಸಾಲೇ ಇಲ್ಲ.

ಎರಡು ಸಲ ಹುಡುಕಿದೆ. ಇಲ್ಲ. ಅವರು ನನ್ನನ್ನು ಏನೂ ಕೇಳಿಲ್ಲ.

ಹೆಂಡತಿ ಗೋಡೆಗೊರಗಿ ಅತ್ತಳು. ಮಗಳು ನಗುತ್ತಿದ್ದಳು. ನಾನು ಇಬ್ಬರನ್ನೂ ನೋಡುತ್ತಾ ನಿಂತೆ. ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ, ಎದೆ ಒಡೆಯುವಷ್ಟು ಸಂತೋಷವಾಯಿತು. ಆದರೂ ಆ ಪಟ್ಟಿಯಲ್ಲಿ ಒಂದು ಸೆಟ್ಟಿನಷ್ಟಾದರೂ ನನ್ನ ಪಾಲಿಗೆ ಬಿಟ್ಟಿರಬಾರದಿತ್ತೇ ಎನ್ನಿಸುತ್ತಿದೆ. ಯಾರ ಮುಂದೆ ಹೇಳಲಿ ಇದನ್ನು? ಕೇಳಿದವರು ನಕ್ಕಾರು.

ಏಪ್ರಿಲ್ ೩೦, ಗುರುವಾರ

ಬೆಳಿಗ್ಗೆ ಒಪ್ಪಿಗೆ ಕಳಿಸಿದಳು. ಆಗಸ್ಟಿನಲ್ಲಿ ಹೊರಡಬೇಕು. ಪ್ರತಿ ವರ್ಷವೂ ಹೊಸದಾಗಿ ಅರ್ಜಿ ತುಂಬಬೇಕಂತೆ, ಪ್ರತಿ ವರ್ಷವೂ ನಮ್ಮ ಬಳಿ ಏನಿದೆ ಏನಿಲ್ಲ ಎಂದು ಬರೆಯಬೇಕಂತೆ. ಮುಂದಿನ ಸಲ ಕೊನೆಯ ಪುಟ ಇಬ್ಬರೂ ಕೂತೇ ತುಂಬೋಣ ಎಂದೆ. ಮೇಡಂ ಬೇಡವೆಂದರೂ.

ಮಧ್ಯಾಹ್ನ ನನ್ನ ಕೋಣೆಗೆ ಬಂದು ಎದುರಿನ ಸ್ಟೂಲಿನ ಮೇಲೆ ಕೂತಳು. ಮೇಜು ಖಾಲಿ. ಒಲೆಯನ್ನೂ ಹಚ್ಚಿರಲಿಲ್ಲ. ಮಾಡಲು ಏನೂ ಇರಲಿಲ್ಲ, ಸುಮ್ಮನೆ ಕೂತಿದ್ದೆ.

"ನಾನು ಹೋದ್ಮೇಲೆ ನೀನೇನು ಮಾಡ್ತೀಯಪ್ಪಾ?" ಎಂದಳು.

ಏನಾದರೂ ಹೇಳಬಹುದಿತ್ತು. ಆ ಎಳೆ ಡಾಕ್ಟರು ಫೋನ್ ಮಾಡುತ್ತಾಳೆ ಎನ್ನಬಹುದಿತ್ತು, ಬೇರೆ ಯಾವುದಾದರೂ ಕೆಲಸ ನೋಡಿಟ್ಟಿದ್ದೇನೆ ಎನ್ನಬಹುದಿತ್ತು. ಅಂಥವು ನನ್ನ ಬಾಯಲ್ಲಿ ತಾವಾಗಿಯೇ ಬರುತ್ತವೆ. ಇವತ್ತು ಯಾಕೋ ಬರಲಿಲ್ಲ.

"ಗೊತ್ತಿಲ್ಲ ಪುಟ್ಟಾ" ಎಂದೆ. "ನಿಜವಾಗ್ಲೂ ಗೊತ್ತಿಲ್ಲ."

ಎಲ್ಲ ಸರಿಹೋಗುತ್ತೆ ಎಂದು ಅವಳು ಹೇಳಲಿಲ್ಲ. ಸ್ಟೂಲನ್ನು ಎಳೆದುಕೊಂಡು ನನ್ನ ಪಕ್ಕಕ್ಕೆ ಬಂದಳು.

"ನನಗೂ ತುಂಬಾ ಭಯ ಆಗ್ತಿದೆ" ಎಂದಳು.

ಅವಳಮ್ಮ ಕೆಲಸದಿಂದ ಬಂದು ಬಾಗಿಲು ತಟ್ಟುವ ತನಕ ಇಬ್ಬರೂ ಅಲ್ಲೇ ಕೂತಿದ್ದೆವು.